ಅರ್ಧ ದಿನದ ಮುಯ್ಯಿ

ನಾನು ಆ ಊರಿನ ವಿಶ್ವವಿದ್ಯಾಲಯ ಸೇರಿದಾಗ ಪುಷ್ಯ ಮಳೆ ನಡೆದಿತ್ತು. ನಮ್ಮೂರಿನಲ್ಲಿ ನಡೆದಿತ್ತು ಎನ್ನಬೇಕು; ಆ ಊರಿನಲ್ಲಿ ಒಗೆದು ಹಾಕಿದ ಬಟ್ಟೆ ಸ್ವಲ್ಪ ಹೊತ್ತಿಗೇ ಗರಿಗರಿಯಾಗುವಂಥ ಬಿಸಿಲಿತ್ತು. ಹುಡುಗಿಯರ ಹಾಸ್ಟೆಲ್ಲಿನ ಅಂಗಳದಲ್ಲಿ ಬೆಳಗಿನ ಕೆಲಸ ಸಾಗಿತ್ತು. ಇಬ್ಬಿಬ್ಬರು ಒಂದೊಂದು ಚಾದರದ ಎರಡು ತುದಿ ಹಿಡಿದು, ಎದುರುಬದುರು ನಿಂತು, ಹಗ್ಗ ಹೊಸೆದ ಹಾಗೆ ಹಿಂಡುತ್ತಿದ್ದರು. ಹಿಂಡಿದ ನೀರು ಕಲ್ಲುಹಾಸಿನ ಮೇಲೆ ಹರಿದು, ಗೋಡೆಯ ಬುಡದ ಕಾಲುವೆ ಸೇರಿ, ಮೂಲೆಯ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಆ ಗಿಡ ಮಾಳಿಗೆಯ ಎತ್ತರಕ್ಕೆ ಬೆಳೆದಿತ್ತು.

ನನ್ನನ್ನು ಬಿಡಲು ಬಂದಿದ್ದ ಅಪ್ಪ ಟ್ರಂಕು ಕೆಳಗಿಟ್ಟು ಆ ನೀರನ್ನೇ ನೋಡುತ್ತ ನಿಂತ. ಅಷ್ಟರಲ್ಲಿ, ಆ ಬಿಸಿಲಲ್ಲೇ, ನನ್ನ ಮೇಲೂ ನಮ್ಮೂರ ಮಳೆ ಜಿನುಗಲು ಶುರುವಾಯಿತು. ಮೊದಲು ಹೆಗಲು ತಣ್ಣಗಾಯಿತು, ಆಮೇಲೆ ಹೆರಳು ಭಾರವಾಯಿತು, ಕೊನೆಗೆ ಅಂಗಿಯ ತೋಳು ಮೈಗೆ ಅಂಟಿಕೊಂಡಿತು. ಅಪ್ಪ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿ, ಬೆರಳು ಮೂಸಿದ.

"ನಮ್ಮ ಹೊಲದ್ದ ಐತಿ," ಎಂದ. "ಎರಿ ಮಣ್ಣಿನ ವಾಸನಿ. ಹೆಸರು ಕಾಯಿ ಕಟ್ಟು ಹೊತ್ತಿಗೆ ಬಂತು. ಚೊಲೋ ಆತು."

ಅನ್ನದ ಡಬರಿ ಎತ್ತಿಕೊಂಡು ಹೊರಟಿದ್ದ ಹೆಂಗಸು ನಿಂತಳು. ಹಾಸ್ಟೆಲ್ಲಿನ ಮೆಸ್ಸು ನಡೆಸುವ ಹಂಪಮ್ಮ ಅವಳೇ ಎಂದು ಆಮೇಲೆ ತಿಳಿಯಿತು. "ಚೊಲೋ ಆಗಿರೋದು ನಿಮಗಪ್ಪಾ. ಇಲ್ಲಿ ನೆಲ ಒರೆಸಿ ಒರೆಸಿ ನನ್ನ ರಟ್ಟೆ ಬಿದ್ದು ಹೋಗ್ಯಾವೆ," ಎಂದಳು. ನನ್ನ ಕಡೆ ತಿರುಗಿ, "ಹೊಸಬರೆಲ್ಲ ಹಿಂಗೇ, ಊರ ಮಳೆ ಮೈಮೇಲೆ ಹೊತ್ಕೊಂಡು ಬರ್ತೀರಿ. ಆರೋ ತನಕ ಊಟಕ್ಕೆ ಹೊರಗಿನ ಸಾಲಿನಾಗೆ ಕೂಡಬೇಕು ನೋಡಮ್ಮ, ಈಗ್ಲೇ ಹೇಳಿರ್ತೀನಿ," ಎಂದಳು.

"ಯಾವಾಗ ಆರ್ತೈತ್ರಿ?" ಎಂದು ಅಪ್ಪ ಕೇಳಿದ.

"ಕೆಲವರು ದೀಪಾವಳಿಗೇ ಆರ್ತಾರೆ. ಕೆಲವರು ವರ್ಷಾನೂ ತಗೀತಾರೆ. ಒಂದಿನ ಊರಾಗೆ ಮಳೆ ಆಗ್ತದೆ, ಮೈಮೇಲೆ ಬೀಳಲ್ಲ. ಅಷ್ಟೇ, ಆರಿದಂಗೆ."

ಅಪ್ಪ ತಲೆಯಾಡಿಸಿದ. ಸಂಜೆ ಬಸ್ಸು ಹತ್ತುವ ಮುಂಚೆ ಇನ್ನೊಮ್ಮೆ ನನ್ನ ತೋಳು ಮುಟ್ಟಿ ನೋಡಿ, "ಅಂಥಾ ಅವಸರ ಏನಿಲ್ಲ ಯವ್ವಾ," ಎಂದು ಹೇಳಿ ಹೋದ.

ಆ ಊರಿನವರಿಗೆ ಇದೆಲ್ಲ ಹಾಲು ಹಾಕಿಸಿಕೊಂಡಷ್ಟು ಸಹಜವಾಗಿತ್ತು. ಊರಿಗೆ ತನ್ನದೊಂದು ಮಳೆಯೂ ಇತ್ತು, ಅದಕ್ಕೆ ಎಲ್ಲ ಕಡೆಯಂತೆ ಛತ್ರಿ ಸಾಕು. ನಮ್ಮ ಮಳೆಗೆ ಛತ್ರಿ ನಡೆಯುತ್ತಿರಲಿಲ್ಲ, ಅದು ಛತ್ರಿಯ ಒಳಗೇ ಬೀಳುತ್ತಿತ್ತು. ಹೊಸ ಹುಡುಗರನ್ನು ಅವರು ಹಸಿಯವರು ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರು ಮುಖ ನೋಡಿಯೇ, "ಹಸಿಯವರು ಹಿಂದೆ ನಡೀರಿ," ಎಂದು ಹಲಗೆಯ ಸೀಟು ತೋರಿಸುತ್ತಿದ್ದ. ಅಂಗಡಿಯಲ್ಲಿ ಹಸಿಯವರಿಗೆಂದೇ ಪೆನ್ಸಿಲ್ಲು, ಮೇಣ ಸವರಿದ ದಪ್ಪ ಹಾಳೆಯ ನೋಟ್‌ಬುಕ್ಕು ಸಿಗುತ್ತಿದ್ದವು. ಹಾಸ್ಟೆಲ್ಲಿನ ಕೋಣೆಗಳ ನೆಲ ಒಂದು ಮೂಲೆಗೆ ಇಳಿಜಾರಾಗಿತ್ತು, ಆ ಮೂಲೆಯಲ್ಲಿ ನೀರು ಹೋಗಲು ಕಿಂಡಿ ಇತ್ತು. ತರಗತಿಯಲ್ಲಿ ಯಾರ ಮೇಲಾದರೂ ಜೋರಾಗಿ ಬಂದರೆ ಮೇಷ್ಟ್ರು ಪಾಠ ನಿಲ್ಲಿಸದೆ ಕೈಮಾಡಿ ಬಾಗಿಲು ತೋರಿಸುತ್ತಿದ್ದರು. ನೆನೆದವರು ವರಾಂಡಕ್ಕೆ ಹೋಗಿ ಹಿಂಡಿಕೊಂಡು ಬಂದು ಕೂರಬೇಕು. ಹಿಂಡಿಕೊಂಡು ಬರುವಷ್ಟರಲ್ಲಿ ಪಾಠ ಎರಡು ಪುಟ ಮುಂದೆ ಹೋಗಿರುತ್ತಿತ್ತು.

ಗ್ರಂಥಾಲಯದೊಳಕ್ಕೆ ಹಸಿಯವರಿಗೆ ಪ್ರವೇಶವಿರಲಿಲ್ಲ. ವರ್ಷದ ಕೊನೆಯ ಪರೀಕ್ಷೆಯನ್ನೂ ಹೊರಗೆ ವರಾಂಡದಲ್ಲೇ, ಎಲ್ಲರಂತೆ ಸಾದಾ ಹಾಳೆಯ ಮೇಲೆ ಶಾಯಿಯಲ್ಲೇ ಬರೆಯಬೇಕು. ಉತ್ತರಪತ್ರಿಕೆ ನೆನೆದರೆ ಯಾರೂ ಅದನ್ನು ತಿದ್ದುತ್ತಿರಲಿಲ್ಲ; ಆ ವರ್ಷ ಇನ್ನೊಮ್ಮೆ ಓದಬೇಕು. ಈ ಮಾತನ್ನು ನಮಗೆ ಮೊದಲ ದಿನವೇ ಹೇಳಿದ್ದರು.

ನನ್ನ ಕೋಣೆಯಲ್ಲಿದ್ದವಳು ಸುಗಂಧಿ. ಕಡಲ ದಂಡೆಯ ಹುಡುಗಿ, ಅವಳ ಮನೆಯಲ್ಲಿ ದೋಣಿಯಿತ್ತು. ಅವಳ ಮೇಲೆ ಬೀಳುವುದು ಮಳೆಯಲ್ಲ, ಯಾರೋ ಕೊಡ ಬೋರಲು ಹಾಕಿದ ಹಾಗೆ. ರಾತ್ರಿ ಮಲಗಿದಲ್ಲೇ ಶುರುವಾದರೆ ಬೆಳಗಿನ ತನಕ ಕಿಂಡಿ ಗೊಳಗೊಳ ಎನ್ನುತ್ತಿತ್ತು. ನನ್ನ ಮೇಲೆ ಬಿದ್ದ ಹನಿಗಳನ್ನು ನೋಡಿ ಅವಳಿಗೆ ನಗು.

"ನಿನ್ನದೊಂದು ಮಳೆಯಾ ಮಾರಾಯ್ತಿ? ಯಾರೋ ಸೀನಿದ ಹಾಗೆ ಉಂಟು."

"ನಮ್ಮ ಕಡೆ ಇಷ್ಟ ಬಂದ್ರ ಪೂಜಾ ಮಾಡ್ತಾರ," ಎಂದೆ.

"ಮಾಡಿ, ಮಾಡಿ. ನನ್ನದು ಸ್ವಲ್ಪ ತೆಕ್ಕೊಂಡು ಹೋಗಿ, ಜಾತ್ರೆಯೇ ಮಾಡಬಹುದು."

ನಾವಿಬ್ಬರೂ ಸಸ್ಯಶಾಸ್ತ್ರ ತೆಗೆದುಕೊಂಡಿದ್ದೆವು. ಗಿಡದ ರೆಂಬೆಯನ್ನು ಹಾಳೆಗಳ ನಡುವೆ ಒತ್ತಿ ಒಣಗಿಸಿ ಅಂಟಿಸಿ ತೋರಿಸಬೇಕಿತ್ತು. ಸುಗಂಧಿ ಒತ್ತಿಟ್ಟ ಎಲೆಗಳು ಒಣಗುವ ಬದಲು ಬೂಸು ಹಿಡಿದವು, ಒಂದೆರಡು ಚಿಗುರಿದವು. ಅವಳ ನೋಟ್ಸು ಎರಡನೆಯ ವಾರಕ್ಕೆ ಮುದ್ದೆಯಾಗಿತ್ತು. ಮಘೆ ಮಳೆಯ ಹೊತ್ತಿಗೆ ಅವಳು ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು, ಊರಿಗೆ ಹೋಗುತ್ತೇನೆ, ಮೀನು ಒಣಗಿಸುವುದಾದರೂ ಬರುತ್ತದೆ ಎಂದಳು. ಅವತ್ತಿನಿಂದ ಅವಳ ನೋಟ್ಸನ್ನು ನಾನೇ ಬರೆದೆ. ನನ್ನದು ಒಂದು ಪ್ರತಿ, ಅವಳದು ಒಂದು ಪ್ರತಿ. ಅವಳ ಎಲೆಗಳನ್ನೂ ನನ್ನ ಟ್ರಂಕಿನ ಅಡಿಯಲ್ಲಿ ಒತ್ತಿಟ್ಟೆ.

"ಇದಕ್ಕೆ ನಾನು ನಿನಗೆ ಎಂತ ಕೊಡುವುದು?" ಎಂದು ಅವಳು ಕೇಳಿದಳು.

"ಕೊಡೂದೇನೈತಿ. ಮುಯ್ಯಿ."

ಅವಳಿಗೆ ಆ ಮಾತು ಹೊಸದು. ನಾನು ಹೇಳಿದೆ. ನಮ್ಮ ಕಡೆ ಇವತ್ತು ನಿನ್ನ ಹೊಲದಲ್ಲಿ ನಾನು ಒಂದು ದಿನ ದುಡಿದರೆ, ನನ್ನ ಹೊಲಕ್ಕೆ ಆಳು ಬೇಕಾದ ದಿನ ನೀನು ಬರಬೇಕು. ಅದಕ್ಕೆ ಬರವಣಿಗೆಯಿಲ್ಲ, ಸಾಕ್ಷಿಯಿಲ್ಲ. ಹೇಳಿಕಳಿಸಿದ ದಿನ ಬಂದರೆ ಮುಗಿಯಿತು.

"ಬಾರದಿದ್ದರೆ?"

ಬಾರದವರನ್ನು ನಾನು ಕಂಡಿರಲಿಲ್ಲ.

ನಮ್ಮೂರಿನ ಹತ್ತಿರದವನೊಬ್ಬ ಇದ್ದ, ಯಮನೂರ. ನಮ್ಮ ಹಳ್ಳದ ಆಚೆ ದಂಡೆಯ ಊರು ಅವನದು. ನಿಂತು ಕೂಗಿದರೆ ಕೇಳುವಷ್ಟು ದೂರ. ಸಾಮಾನ್ಯವಾಗಿ ಅವನೂ ನಾನೂ ಒಟ್ಟಿಗೆ ನೆನೆಯುತ್ತಿದ್ದೆವು. ತರಗತಿಯಿಂದ ಇಬ್ಬರೂ ಎದ್ದು ಹೊರಗೆ ಬಂದರೆ ಉಳಿದವರು ಕೆಮ್ಮುತ್ತಿದ್ದರು. ಆದರೆ ಹುಬ್ಬೆ ಮಳೆಯಲ್ಲಿ ಒಂದು ಮಧ್ಯಾಹ್ನ ಅವನು ತೊಪ್ಪೆಯಾದ. ನನ್ನ ಮೇಲೆ ಹನಿಯೂ ಇಲ್ಲ. ನಾನು ಆರಿಬಿಟ್ಟೆನೋ ಎಂದು ಹೆದರಿದೆ. ಸಂಜೆ ಫೋನು ಮಾಡಿದರೆ ಅಪ್ಪ, "ಹಳ್ಳದ ಆಚೆ ಬಿತ್ತವ್ವಾ, ಈಚೆ ಬರಲಿಲ್ಲ. ಹುಬ್ಬಿ ಮಳಿ ಎತ್ತಿನ ಒಂದು ಕೋಡು ತೋಯಿಸಿದ್ರ ಇನ್ನೊಂದು ತೋಯಸಂಗಿಲ್ಲ," ಎಂದ. ಹಸ್ತ ಮಳೆಯಲ್ಲಿ ನಾನು ಚೆನ್ನಾಗಿ ನೆನೆದೆ. ಅಪ್ಪನಿಗೆ ಅದನ್ನು ಹೇಳಬೇಕಾಗಿರಲಿಲ್ಲ, ಅವನೂ ಅದೇ ಮಳೆಯಲ್ಲಿ ನಿಂತು ಜೋಳ ಬಿತ್ತಿಸುತ್ತಿದ್ದ.

ನಮ್ಮದು ಕುರಿಗಾರರ ಮನೆ. ಒಂದೇ ಒಂದು ಹೊಲ, ಹಳ್ಳದ ಈಚೆ. ವಿಶಾಖ ಮಳೆ ಮುಗಿದರೆ ಅಪ್ಪ, ಅವ್ವ ಮನೆಗೆ ಕೀಲಿ ಹಾಕಿ, ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೋಗುತ್ತಾರೆ. ಅಲ್ಲಿ ಕೊಯ್ದ ಗದ್ದೆಗಳಲ್ಲಿ ಹಿಂಡು ತರುಬಿ ಮೇಯಿಸುತ್ತ, ನಡುವೆ ಜೋಳದ ಕೊಯ್ಲಿಗೆ ಒಮ್ಮೆ ಬಂದು ಹೋಗಿ, ಮುಂಗಾರು ಹತ್ತಿರವಾದಾಗ ಊರ ಕಡೆ ತಿರುಗುತ್ತಾರೆ. ಮೊದಲ ಹದ ಮಳೆ ಯಾವತ್ತು ಬೀಳುತ್ತದೆ ಎಂಬುದೇ ಪ್ರತಿ ವರ್ಷದ ತಾಪತ್ರಯ. ರೋಹಿಣಿಯಲ್ಲಿ ಹೆಸರು ಬಿತ್ತಬೇಕು. ಹದ ಎರಡು ದಿನ ಇರುತ್ತದೆ, ಆಮೇಲೆ ನೆಲ ಗಟ್ಟಿ. ಬೇಗ ಬಂದರೆ ಕುರಿಗೆ ಮೇವಿಲ್ಲ, ತಡವಾದರೆ ಬಿತ್ತನೆಯಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಕಂಬಳಿ ಮಡಚುತ್ತ ಹೇಳಿದ: "ಈ ಸಲ ತ್ರಾಸಿಲ್ಲ. ರೋಹಿಣಿ ಮಳಿ ನಿನ್ನ ಮ್ಯಾಲ ಬಿದ್ದ ದಿವಸ ನನಗ ಫೋನ್ ಮಾಡು. ಹಿಂಡು ನಿಮ್ಮವ್ವನ ಕೈಯಾಗ ಕೊಟ್ಟು, ಒಬ್ಬನ ಬಸ್ ಹತ್ತಿ ಬಂದು, ಬಿತ್ತಿ ಹೋಗ್ತೀನಿ."

"ಊರಾಗ ಯಾರನ್ನರ ಕೇಳಬಾರದನು?"

"ಊರವರ ಮಳಿ ಬಾಯಾಗ ಇರ್ತೈತಿ. ಒಬ್ಬ ಆತು ಅಂತಾನ, ಒಬ್ಬ ಇಲ್ಲ ಅಂತಾನ. ನನ್ನ ಹೊಲಕ್ಕ ಬಿತ್ತೋ ಇಲ್ಲೋ ಯಾರಿಗೆ ಗೊತ್ತು?"

ಅದು ಗೊತ್ತಿರುವವಳು ಒಬ್ಬಳಿದ್ದಳು. ನಮ್ಮ ಬದುವಿಗೆ ಹೊಂದಿದ ಹೊಲದ ದುಂಡವ್ವ. ಆದರೆ ಒಂದು ವರ್ಷ ನಮ್ಮ ಕುರಿ ಅವಳ ಹಾಲುಗಾಳಿನ ಜೋಳಕ್ಕೆ ನುಗ್ಗಿದ್ದವು. ಪಂಚರ ಮುಂದೆ ಅಪ್ಪ, ತಪ್ಪಾಯಿತು ಎನ್ನುವ ಬದಲು, ಬದು ಎಲ್ಲಿದೆ ಎಂದು ಕುರಿಗೆ ಓದಲು ಬರುತ್ತದೆಯೇ ಎಂದುಬಿಟ್ಟ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಅಪ್ಪ ಅವಳ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಳಿಗಾಲದಲ್ಲಿ ಸುಗಂಧಿ ಆರಿದಳು. ಅವಳಿಗೂ ಗೊತ್ತಾಗಲಿಲ್ಲ. ಕಡಲಲ್ಲಿ ಗಾಳಿ ಎದ್ದು ಅಕಾಲ ಮಳೆಯಾಗಿತ್ತು. ಅವಳ ತಾಯಿ ಫೋನು ಮಾಡಿ, "ಎಷ್ಟು ಬಂತು ನೋಡಿದಿಯಾ, ಚಂಡಿಯಾದಿಯಾ ಮಗಾ?" ಎಂದಾಗ ಸುಗಂಧಿ ತನ್ನ ಮೈ ಮುಟ್ಟಿ ನೋಡಿಕೊಂಡಳು. ಬಟ್ಟೆ ಗರಿಗರಿಯಾಗಿತ್ತು. ಫೋನಿನಲ್ಲಿ, ಹೌದಮ್ಮಾ ಚಂಡಿಯಾದೆ, ಪೂರ್ತಿ ನೆನೆದೆ, ಎಂದಳು. ಆರಿದವರು ಎಲ್ಲರಿಗೂ ಮಂಡಕ್ಕಿ ಹಂಚುವುದು ಅಲ್ಲಿನ ರೂಢಿ. ಮರುದಿನ ಅವಳೂ ಹಂಚಿದಳು. ಹಂಪಮ್ಮ ಅವಳ ತಾಟನ್ನು ತಾನೇ ಎತ್ತಿ ಒಳಗಿನ ಸಾಲಿನಲ್ಲಿ ಇಟ್ಟಳು.

ನನ್ನ ಸ್ಥಿತಿ ಬೇರೆಯಾಗಿತ್ತು. ನಮ್ಮೂರಲ್ಲಿ ಸ್ವಾತಿಯ ನಂತರ ಮಳೆಯೇ ಇಲ್ಲ. ಮಳೆಯೇ ಇಲ್ಲದ ಮೇಲೆ ನಾನು ಹಸಿಯೋ, ಆರಿದವಳೋ ಯಾರು ಹೇಳಬೇಕು? ಗ್ರಂಥಾಲಯದ ಬಾಗಿಲಲ್ಲಿ ಕೂರುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಕಡೆಯವರದ್ದು ಇದೇ ಫಜೀತಿ. ಒಂದು ಮಳೆ ಆಗಲಿ, ತಿಳಿಯುತ್ತೆ. ಅಲ್ಲೀವರೆಗೆ ಮೆಟ್ಟಿಲ ಮೇಲೆ ಓದಮ್ಮ," ಎಂದರು. ಮೈ ಒಣಗಿದ್ದರೂ ನಾನು ಹೊರಗಿನ ಸಾಲಿನಲ್ಲಿ ಉಂಡೆ, ಹಲಗೆಯ ಸೀಟಿನಲ್ಲಿ ಕೂತೆ. ಸುಗಂಧಿ ಒಳಗಿನಿಂದ ಪುಸ್ತಕ ತಂದುಕೊಡುತ್ತಿದ್ದಳು. ಮೆಟ್ಟಿಲ ಮೇಲೆ ಅವಳು ಓದುವುದು, ನಾನು ಬರೆದುಕೊಳ್ಳುವುದು. ಒಂದು ದಿನ ಪುಸ್ತಕ ಮುಚ್ಚಿ, "ಈಗ ಸಮ ಆಯ್ತಲ್ಲ, ನಿನ್ನ ಮುಯ್ಯಿ?" ಎಂದಳು.

"ಆತು," ಎಂದೆ.

"ಥೂ, ಆಗಬಾರದಿತ್ತು. ಸ್ವಲ್ಪ ಬಾಕಿ ಇರಬೇಕಿತ್ತು," ಎಂದಳು.

ಪರೀಕ್ಷೆ ರೋಹಿಣಿ ಮಳೆಯಲ್ಲೇ ಬಂತು. ಅದೂ ಮಧ್ಯಾಹ್ನದ ಮೇಲೆ, ನಮ್ಮ ಕಡೆ ಮೋಡ ಕಟ್ಟುವ ಹೊತ್ತಿಗೆ. ಅಷ್ಟರಲ್ಲಿ ಬಹಳ ಜನ ಆರಿದ್ದರು. ವರಾಂಡದಲ್ಲಿ ಬರೆಯಲು ಉಳಿದವರು ಕೆಲವರೇ; ನಾನು, ಯಮನೂರ, ಬಯಲುಸೀಮೆಯ ಇನ್ನಷ್ಟು ಹುಡುಗರು. ದಿನಾ ಬೆಳಿಗ್ಗೆ ನಾನು ಬೀರಪ್ಪ ದೇವರಿಗೆ ಕೈ ಮುಗಿಯುತ್ತಿದ್ದೆ. ಮಳೆ ಬರಲಿ, ಆದರೆ ರಾತ್ರಿ ಬರಲಿ ಎಂದು ಬೇಡುತ್ತಿದ್ದೆ. ಪೇಪರಿನ ಮೇಲೆ ಬಗ್ಗಿ ಬರೆಯುವಾಗ ಅರ್ಧ ಮನಸ್ಸು ಹೆಗಲಲ್ಲಿ ಇರುತ್ತಿತ್ತು, ತಣ್ಣಗಾಯಿತೇ ಎಂದು. ಗಂಟೆ ಹೊಡೆದು ಒಣಗಿದ ಪೇಪರು ಕೊಟ್ಟು ಹೊರಬಂದರೆ ಮೊದಲು ಹಗುರ ಎನಿಸುತ್ತಿತ್ತು. ಹಾಸ್ಟೆಲ್ಲು ಮುಟ್ಟುವಷ್ಟರಲ್ಲಿ ಅದೇ ಭಾರವಾಗುತ್ತಿತ್ತು.

ಸಂಜೆ ಅಪ್ಪನ ಫೋನು ಬರುತ್ತಿತ್ತು. ಹಿಂದೆ ಕುರಿ ಅರಚುವುದು, ಅವ್ವ ಮರಿಗಳನ್ನು ಬೈಯುವುದು ಕೇಳುತ್ತಿತ್ತು.

"ಏನರ ಹಸಿ ಆದೇನ ಯವ್ವಾ?"

"ಇಲ್ಲಪ್ಪಾ."

"ಹೋಗ್ಲಿ. ನಾಳಿ ಬಂದೀತು. ಪೇಪರ್ ಹೆಂಗಾತು?"

"ಚೊಲೋ ಆತು."

"ಅದೂ ಆಗ್ಬೇಕು, ಇದೂ ಆಗ್ಬೇಕು," ಎನ್ನುತ್ತಿದ್ದ.

ಸಸ್ಯಶಾಸ್ತ್ರದ ಪೇಪರಿನ ದಿನ, ನಾನು ಬೇರಿನ ಚಿತ್ರ ಬರೆಯುತ್ತಿದ್ದಾಗ, ಪಕ್ಕದಲ್ಲಿ ಬೆಂಚು ಸರಿದ ಸದ್ದಾಯಿತು. ಯಮನೂರ ಎದ್ದು ನಿಂತಿದ್ದ. ಅವನ ಕೂದಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಪೇಪರನ್ನು ಎರಡೂ ಕೈಯಲ್ಲಿ ದೂರ ಹಿಡಿದಿದ್ದ, ಕೂಸನ್ನು ಬೆಂಕಿಯಿಂದ ದೂರ ಹಿಡಿದ ಹಾಗೆ. ಆದರೆ ಮಳೆ ಅವನ ಕೈಯ ಮೇಲೂ ಇತ್ತು. ನೀಲಿ ಶಾಯಿ ಮೊಣಕೈ ತನಕ ಹರಿಯಿತು. ಕಾವಲಿನ ಮೇಷ್ಟ್ರು ಬಂದು ಪೇಪರು ತೆಗೆದುಕೊಂಡು, ಬೆನ್ನು ಮುಟ್ಟಿ, ಹೋಗು ಎಂದರು.

ಅವನು ಹೋಗುವ ಮುಂಚೆ ನನ್ನ ಒಣ ತೋಳನ್ನು ನೋಡಿದ. "ನಿಮ್ಮ ಕಡೆ ಬಂದಿಲ್ಲನು?" ಎಂದ.

"ಇಲ್ಲ."

"ಪುಣ್ಯಾ ಮಾಡೀದಿ."

ನಾನು ಬೇರಿನ ಚಿತ್ರ ಮುಗಿಸಿದೆ. ಹುಬ್ಬೆಯಲ್ಲಿ ಆದದ್ದು ನೆನಪಿತ್ತು. ಸಂಜೆ ಅಪ್ಪನಿಗೆ ಅದನ್ನೇ ಹೇಳಿದೆ: ಹಳ್ಳದ ಆಚೆಯವನು ನೆನೆದ, ನಾನು ನೆನೆಯಲಿಲ್ಲ. ಅಪ್ಪ, "ಆಚೆ ಬಿದ್ದದ್ದು ಈಚೆ ಬೀಳಬೇಕಂತ ಎಲ್ಲೈತಿ? ಎತ್ತಿನ ಕೋಡಿನ ಮಳಿ. ನಿನ್ನ ಮ್ಯಾಲ ಬೀಳಲಿ, ಆಮ್ಯಾಲ ಹೊಂಡ್ತೀನಿ," ಎಂದ. ಇಬ್ಬರಿಗೂ ಅದರಲ್ಲಿ ಅನುಮಾನ ಬರಲಿಲ್ಲ. ನಮ್ಮ ಹಿರಿಯರೆಲ್ಲ ಹಾಗೇ ಹೇಳುತ್ತಿದ್ದರು.

ಪರೀಕ್ಷೆ ಮುಗಿಸಿ ಊರಿಗೆ ಹೋದೆ. ಬಸ್ಸು ಹಳ್ಳ ದಾಟುವಾಗ ನೀರು ಹರಿದ ಗುರುತು ಕಂಡಿತು. ಮನೆಯ ಕೀಲಿ ತೆಗೆಯದೆ, ಚೀಲವನ್ನು ಕಟ್ಟೆಯ ಮೇಲಿಟ್ಟು ನೇರವಾಗಿ ಹೊಲಕ್ಕೆ ನಡೆದೆ. ದಾರಿಯ ಎರಡೂ ಕಡೆ ಹಸಿರು. ನಮ್ಮ ಹೊಲ ಖಾಲಿ ಇರುತ್ತದೆ ಎಂದು ದೂರದಿಂದಲೇ ಎದೆ ಗಟ್ಟಿಮಾಡಿಕೊಂಡಿದ್ದೆ. ಹತ್ತಿರ ಹೋದರೆ ಸಾಲು ಸಾಲಾಗಿ ಎರಡೆಲೆಯ ಹೆಸರು ಎದ್ದು ನಿಂತಿತ್ತು.

ಬದುವಿನ ಆಚೆ ದುಂಡವ್ವ ಸೊಂಟಕ್ಕೆ ಸೆರಗು ಬಿಗಿದು ಏನೋ ಆರಿಸುತ್ತಿದ್ದಳು. ನನ್ನನ್ನು ನೋಡಿ ತಲೆಯೆತ್ತಿದಳು, ಮತ್ತೆ ಬಗ್ಗಿದಳು. ಎಷ್ಟೋ ವರ್ಷದಿಂದ ಮಾತಾಡಿರಲಿಲ್ಲವಾದ್ದರಿಂದ ಮೊದಲ ಮಾತು ಯಾರದಾಗಬೇಕು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಇದನ್ನ ಯಾರು ಬಿತ್ಯಾರ ಅತ್ತಿ?" ಎಂದೆ.

"ಕುರಿ ಬಿತ್ಯಾವು," ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು. "ಅಂಥಾ ಹದ ಮಳಿ ಬಿತ್ತು. ಎರಡೂ ದಂಡಿ ಸಮಾ ಬಿತ್ತು. ನಿಮ್ಮಪ್ಪ ಇವತ್ತ ಬರ್ತಾನ, ನಾಳಿ ಬರ್ತಾನ ಅಂತ ನೋಡಿದ್ನಿ. ಹದ ಹಾರಾಕ ಹತ್ತಿತ್ತು. ನನ್ನ ಕೂರಿಗಿ ಬದುವಿನ ತನಕ ಬಂದಿತ್ತು, ಹಂಗ ದಾಟಿಸಿಬಿಟ್ನಿ."

"ಯಾಕತ್ತಿ?"

"ಯಾಕಂದ್ರ? ನಿಮ್ಮ ಹೊಲಾ ಬೀಳು ಬಿದ್ರ ಕಸದ ಬೀಜ ಹಾರಿ ಎಲ್ಲಿಗಿ ಬರ್ತೈತಿ? ನನ್ನ ಹೊಲಕ್ಕ. ನಿಮ್ಮ ಮ್ಯಾಲಿನ ಮಾಯಾಮಮತಿಗೆ ಅಲ್ಲ." ಮತ್ತೆ ಬಗ್ಗಿದವಳು, "ಬೀಜ ನಂದು, ರಾಶಿ ಆದ ಮ್ಯಾಲ ಅಳದು ಕೊಡ್ರಿ. ಕೆಲಸ ಮುಯ್ಯಿ. ಕಸಾ ತಗಿಯು ದಿನ ಒಂದ ಆಳು ಬರಬೇಕು," ಎಂದಳು.

ಅಪ್ಪನಿಗೆ ಹೊಲದಿಂದಲೇ ಫೋನು ಮಾಡಿದೆ. ಮಳೆ ಆಗಿ ಹೋಗಿದೆ ಎಂದೆ. ಎರಡೂ ದಂಡೆಗೆ ಆಗಿದೆ ಎಂದೆ. ಕುರಿಯ ಕೊರಳ ಗಂಟೆ ಕೇಳುತ್ತಿತ್ತು.

"ನಾನು ಆರೀನಿ ಯಪ್ಪಾ. ಯಾವಾಗ ಆರಿದ್ನೋ ಗೊತ್ತಾಗಲಿಲ್ಲ."

"ಹೂಂ," ಎಂದ. ಆಮೇಲೆ, "ಪೇಪರೆಲ್ಲ ಒಣಾ ಇದ್ವು ಹೌದಿಲ್ಲ?" ಎಂದ.

"ಇದ್ವು."

"ಹಂಗಾರ ಒಂದಾರ ಆತು. ಹೊಲ ಈ ಸಲ ಖಾಲಿ ಇರ್ತೈತಿ ಬಿಡು."

ಖಾಲಿ ಇಲ್ಲ ಎಂದು ಹೇಳಿದೆ. ಬಿತ್ತಿದವರು ಯಾರು ಎಂದೂ ಹೇಳಿದೆ. ಅವನು ಯಾವುದೋ ಕುರಿಯನ್ನು ಗದರಿಸಿದ. ಕೊನೆಗೆ, "ಆಕಿ ಮುಯ್ಯಿ ನಾ ಹೊರಂಗಿಲ್ಲ," ಎಂದ.

"ನಾ ಹೊರ್ತೀನಿ," ಎಂದೆ.

ಮೃಗಶಿರ ಮಳೆ ಮುಗಿಯುವ ಹೊತ್ತಿಗೆ ಹೆಸರು ಗೇಣುದ್ದ ಆಗಿ, ನಡುವೆ ಕಸ ಎದ್ದಿತು. ಅಪ್ಪನ ಹಿಂಡು ಇನ್ನೂ ದಾರಿಯಲ್ಲಿತ್ತು. ನಾನು ಕಸ ತೆಗೆಯುವ ಕುರುಪಿ ಹಿಡಿದು ದುಂಡವ್ವನ ಹೊಲಕ್ಕೆ ಹೋದೆ. ಇನ್ನೂ ಮೂವರು ಹೆಂಗಸರಿದ್ದರು. ಸಾಲಾಗಿ ಕುಕ್ಕುರುಗಾಲಲ್ಲಿ ಕೂತು, ಕಸ ಕೀಳುತ್ತ, ಮುಂದೆ ಮುಂದೆ ಸರಿಯಬೇಕು. ಒಂದು ವರ್ಷದ ರೂಢಿ ತಪ್ಪಿದ್ದಕ್ಕೆ ನಾನು ಬೇಗ ಹಿಂದೆ ಬಿದ್ದೆ.

"ಕಸ ಯಾವುದು, ಬೆಳಿ ಯಾವುದು ಗೊತ್ತೈತೋ ಇಲ್ಲೋ, ನೋಡ್ರಬೇ," ಎಂದಳು ಒಬ್ಬಳು.

"ಆಕಿಗೆ ಕಸದ ಲ್ಯಾಟಿನ್ ಹೆಸರೂ ಗೊತ್ತಿರ್ತಾವು," ಎಂದಳು ಇನ್ನೊಬ್ಬಳು.

"ಹೌದಾ? ಹಂಗಾರ ಕರದು ನೋಡ ತಂಗಿ, ತಾನ ಕಿತ್ತುಕೊಂಡು ಬರ್ತೈತೇನು," ಎಂದಳು ದುಂಡವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬುತ್ತಿ ಉಣ್ಣುವಾಗ ಅವಳು ಕೇಳದೆಯೇ ನನ್ನ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿದಳು.

ಉಂಡು ಮತ್ತೆ ಕೂತ ಸ್ವಲ್ಪ ಹೊತ್ತಿಗೆ ಮೂಡಣದಲ್ಲಿ ಕಪ್ಪಾಯಿತು. ಗಾಳಿ ಮೊದಲು ಬಂತು, ಧೂಳು ಆಮೇಲೆ, ಅದರ ಹಿಂದೆ ದಪ್ಪ ಹನಿ. ಹೆಂಗಸರು ಗೋಣಿಚೀಲದ ಕೊಪ್ಪೆ ತಲೆಗೇರಿಸಿ ಬನ್ನಿಗಿಡದ ಕಡೆ ಓಡಿದರು. ನನ್ನ ಬಳಿ ಕೊಪ್ಪೆ ಇರಲಿಲ್ಲ. ಒಂದು ವರ್ಷ ನನ್ನ ಮೇಲೆ ಬಿದ್ದದ್ದೂ ಇದೇ ಹೊಲದ ಮಳೆ. ಆದರೆ ಅದಕ್ಕೆ ಸದ್ದಿರಲಿಲ್ಲ, ಗಾಳಿಯಿರಲಿಲ್ಲ. ಹೆಗಲಿನಿಂದ ಶುರುವಾಗಿ ಕೆಳಗೆ ಇಳಿಯುತ್ತಿತ್ತು. ಇದು ಮುಖಕ್ಕೇ ಬಡಿಯಿತು, ಕಣ್ಣು ಬಿಡಗೊಡಲಿಲ್ಲ. ಗಿಡದ ಬುಡ ಮುಟ್ಟುವಷ್ಟರಲ್ಲಿ ಕಾಲಿಗೆ ಎರೆಮಣ್ಣು ಮೆತ್ತಿ ಒಂದೊಂದು ಹೆಜ್ಜೆಯೂ ಕಲ್ಲಿನಷ್ಟು ಭಾರವಾಗಿತ್ತು.

ದುಂಡವ್ವ ನನ್ನನ್ನು ನೋಡಿ, "ನೀ ಈಗ ನೆನಿಯಂಗಿಲ್ಲ ಅಂದಿದ್ರು," ಎಂದಳು.

"ಇಲ್ಲಿದ್ರ ನೆನೀತೀನಿ," ಎಂದೆ.

ಮಳೆ ಹಿಡಿದುಕೊಂಡಿತು. ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಅವಳು ಸೊಂಟದಿಂದ ಕುರುಪಿ ತೆಗೆದು ಗೋಣಿಗೆ ಸುತ್ತಿ, ನನ್ನ ಕಡೆ ತಿರುಗಿದಳು. "ಇವತ್ತಿನ ಕೆಲಸ ಮುಗೀತು. ಮಾಳವ್ವ, ಅರ್ಧಾ ದಿನ ಉಳೀತು ನೋಡು."

"ನಾಳಿ ಬರ್ತೀನತ್ತಿ."

"ನಾಳಿ ಹೊಲಕ್ಕ ಕಾಲಿಡಾಕ ಆಗಂಗಿಲ್ಲ. ನಾಡದು ನೀ ಇರಂಗಿಲ್ಲ, ನಿನ್ನ ಸಾಲಿ ಸುರು ಆಗ್ತೈತಿ. ಹಿಂಗಾರಿಗೆ ಬಾ. ಉತ್ತರಿ ಮಳಿ ಆತಂದ್ರ ಜೋಳ ಬಿತ್ತೂದಿರ್ತೈತಿ, ಕೂರಿಗಿ ಹಿಂದ ಕಾಳು ಬಿಡಾಕ ಆಳು ಬೇಕು."

"ಮಳಿ ಆದ್ರ ನನಗ ಗೊತ್ತಾಗಂಗಿಲ್ಲ ಈಗ," ಎಂದೆ. "ನೀ ಫೋನ್ ಮಾಡಬೇಕು."

ಅವಳು ಎಲೆಅಡಿಕೆ ಚೀಲದೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದಳು. ಮಗ ಬಳಸಿ ಬಿಟ್ಟದ್ದು. "ಒತ್ತಿ ಕೊಡು," ಎಂದಳು. ನನ್ನ ಬೆರಳು ಒದ್ದೆಯಾಗಿದ್ದರಿಂದ ಫೋನು ಅದನ್ನು ಗುರುತಿಸಲೇ ಇಲ್ಲ. ಒರೆಸಿಕೊಳ್ಳಲು ನನ್ನ ಮೈಮೇಲೆ ಒಣಗಿದ ಬಟ್ಟೆ ಇರಲಿಲ್ಲ. ದುಂಡವ್ವ ಕೊಪ್ಪೆಯ ಒಳಗಡೆಯಿಂದ ತನ್ನ ಸೆರಗಿನ ಒಣ ತುದಿ ಚಾಚಿದಳು. ಒರೆಸಿಕೊಂಡು ನನ್ನ ನಂಬರು ಒತ್ತಿದೆ.

"ಹೆಸರು ಏನಂತ ಬರೀಲಿ ಅತ್ತಿ?"

"ನನಗೇನ ಓದಾಕ ಬರ್ತೈತಿ? ಕುರಿಚಿತ್ರ ಇದ್ರ ಹಾಕು. ನಿಮ್ಮ ಕುರಿ ನನ್ನ ಜೋಳಾ ತಿಂದದ್ದು ಮರೀಬಾರದು."

ನಾನು ಕುರಿಯ ಚಿತ್ರ ಹುಡುಕಿ ಹಾಕಿದೆ. ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿ, "ಭಾಳ ಸಣ್ಣದೈತಿ. ಅವು ದೊಡ್ಡವು ಇದ್ವು," ಎಂದು ಹೇಳಿ ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು.

ಈಗ ನನಗೆ ಎರಡನೆಯ ವರ್ಷ. ಊಟಕ್ಕೆ ಒಳಗಿನ ಸಾಲಿನಲ್ಲಿ, ಸುಗಂಧಿಯ ಪಕ್ಕದಲ್ಲಿ ಕೂರುತ್ತೇನೆ. ಯಮನೂರ ಮತ್ತೆ ಮೊದಲ ವರ್ಷದವರ ಜೊತೆ ಕೂರುತ್ತಾನೆ. ಅವನು ನೆನೆದು ಹೊರಗೆ ಬಂದದ್ದು ಕಂಡ ದಿನ ನಮ್ಮ ಕಡೆ ಮಳೆಯಿರಬಹುದು ಎಂದುಕೊಳ್ಳುತ್ತೇನೆ, ಈಚೆ ದಂಡೆಗೆ ಬಿತ್ತೋ ಇಲ್ಲವೋ ತಿಳಿಯುವುದಿಲ್ಲ. ಹಂಪಮ್ಮ ಹೊಸ ಹುಡುಗಿಯರಿಗೆ ಹೊರಗಿನ ಸಾಲು ತೋರಿಸುತ್ತ, ಅದೇ ಮಾತು ಹೇಳುತ್ತ, ನೆಲ ಒರೆಸುತ್ತಾಳೆ. ಉತ್ತರಿ ಹುಟ್ಟಿ ಕೆಲವು ದಿನಗಳಾದವು. ತಾಟಿನ ಪಕ್ಕ ಫೋನು ಇಟ್ಟುಕೊಂಡು ಉಣ್ಣುತ್ತೇನೆ. ಅರ್ಧ ದಿನ ಇನ್ನೂ ಬಾಕಿಯಿದೆ. ಮಳೆ ಬಿದ್ದಿಲ್ಲ, ಬಿದ್ದಿದ್ದರೆ ದುಂಡವ್ವ ಹೇಳುತ್ತಿದ್ದಳು.